ಬೀಡಿ ಬಿಟ್ಟವರ ಹೊಟ್ಟೆ ಮತ್ತು ಸಕ್ಕರೆ

ಕುಂದಾಪುರದ ಶಾಸ್ತ್ರಿ ವೃತ್ತದ ಚಹದಂಗಡಿಗಳಲ್ಲಾಗಲಿ, ಗಂಗೊಳ್ಳಿಯ ಬಂದರಿನಲ್ಲಾಗಲಿ, ಬೈಂದೂರು ಮತ್ತು ಬ್ರಹ್ಮಾವರದ ಬಸ್ ನಿಲ್ದಾಣಗಳಲ್ಲಾಗಲಿ ಧೂಮಪಾನದ ಪರವಾಗಿ ಕೇಳಿಬರುವ ವಾದ ಹೆಚ್ಚುಕಡಿಮೆ ಒಂದೇ. ‘ಹ್ವಾಯ್, ಅವ್ರ್ ಬೀಡಿ ಬಿಟ್ಟ್ ಆರ್ ತಿಂಗ್ಳಿಗೆ ಹೊಟ್ಟಿ ಬಂತ್, ವರ್ಷದೊಳ್ಗೆ ಶುಗರ್ ಬಂತ್ ಕಾಣಿ!’ ಬೀಡಿ ಸೇದುವುದು ಆರೋಗ್ಯಕ್ಕೆ ಒಳ್ಳೆಯದೆಂದು ಇಂದು ಯಾರೂ ಸಾಧಿಸಲು ಹೋಗುವುದಿಲ್ಲ. ಪೊಟ್ಟಣದ ಮೇಲಿನ ಭೀಕರ ಚಿತ್ರವನ್ನು ಎಲ್ಲರೂ ನೋಡಿದ್ದಾರೆ. ಆದರೆ ಇಪ್ಪತ್ತು ಮೂವತ್ತು ವರ್ಷ ಸೇದಿದ ದೇಹಕ್ಕೆ ಅದನ್ನು ಬಿಡುವುದೇ ಆಗಿಬರುವುದಿಲ್ಲ ಎಂಬ ನಂಬಿಕೆ ಮಾತ್ರ ಗಟ್ಟಿಯಾಗಿ ಉಳಿದಿದೆ.

ಈ ಮಾತನ್ನು ಚಟ ಬಿಡಲಾರದವರ ನೆಪವೆಂದು ತಳ್ಳಿಹಾಕುವುದು ಆರೋಗ್ಯ ಪ್ರಚಾರದ ರೂಢಿ. ನೆಪ ಹೌದು. ಆದರೆ ಆ ನೆಪದೊಳಗೆ ಅರ್ಧದಷ್ಟು ಸತ್ಯವೂ ಇದೆ. ಅರ್ಧ ಸತ್ಯವನ್ನು ಪೂರ್ತಿ ಸುಳ್ಳೆಂದು ಹೇಳಿದಾಗ ಕೇಳುವವನು ಹೇಳುವವರ ಮಿಕ್ಕ ಮಾತನ್ನೂ ನಂಬುವುದಿಲ್ಲ. ಕಷ್ಟಪಟ್ಟು ಬೀಡಿ ಬಿಟ್ಟ ಮನುಷ್ಯ ವರ್ಷದೊಳಗೆ ತನ್ನ ರಕ್ತಪರೀಕ್ಷೆಯ ವರದಿ ನೋಡಿ, ಇದಕ್ಕಿಂತ ಮೊದಲೇ ಚೆನ್ನಾಗಿದ್ದೆ ಎಂದುಕೊಂಡು ಮತ್ತೆ ಅಂಗಡಿಯ ಕಡೆ ನಡೆದರೆ, ಆ ಸೋಲಿನಲ್ಲಿ ನಮ್ಮ ಅರೆಬರೆ ಉಪದೇಶದ ಪಾಲೂ ಇದೆ.

ಮೊದಲು ನಿಜವಾದ ಅರ್ಧವನ್ನು ನೋಡೋಣ. ಧೂಮಪಾನ ಬಿಟ್ಟವರ ತೂಕ ಏರುತ್ತದೆ ಎಂಬುದರಲ್ಲಿ ಎರಡು ಮಾತಿಲ್ಲ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2012ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ಔಷಧದ ನೆರವಿಲ್ಲದೆ ಚಟ ಬಿಟ್ಟವರ ತೂಕ ಒಂದು ವರ್ಷದಲ್ಲಿ ಸರಾಸರಿ 4.7 ಕಿಲೋದಷ್ಟು ಹೆಚ್ಚಿತ್ತು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಬಂದದ್ದು ಮೊದಲ ಮೂರು ತಿಂಗಳಲ್ಲೇ. ಸರಾಸರಿಯೆಂಬುದು ಎಲ್ಲರ ಕಥೆಯಲ್ಲ. ಸುಮಾರು ಆರರಲ್ಲಿ ಒಬ್ಬರ ತೂಕ ಇಳಿದಿತ್ತು. ನೂರರಲ್ಲಿ ಹದಿಮೂರು ಹದಿನಾಲ್ಕು ಮಂದಿಯ ತೂಕ ಮಾತ್ರ ಹತ್ತು ಕಿಲೋಗೂ ಮೀರಿ ಏರಿತ್ತು. ಊರಲ್ಲಿ ಹೆಸರಾಗುವುದು ಈ ಕೊನೆಯ ಗುಂಪಿನವರೇ ಎಂಬುದು ಬೇರೆ ಮಾತು.

ಕಾರಣ ನಿಕೋಟಿನ್. ಅದು ಮಿದುಳಿನಲ್ಲಿ ಹಸಿವನ್ನು ನಿಯಂತ್ರಿಸುವ ಭಾಗದ ಮೇಲೆ ಕೆಲಸ ಮಾಡಿ ಊಟದ ಬಯಕೆಯನ್ನು ಅದುಮಿಡುತ್ತದೆ. ಜತೆಗೆ ದೇಹದ ಒಲೆಯನ್ನು ತುಸು ಹೆಚ್ಚೇ ಉರಿಸುತ್ತದೆ. ಸ್ವಿಟ್ಜರ್ಲೆಂಡಿನ ಸಂಶೋಧಕರು ಧೂಮಪಾನಿಗಳನ್ನು ವಿಶೇಷ ಕೋಣೆಯೊಂದರಲ್ಲಿರಿಸಿ ಅಳೆದು 1986ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ದಿನಕ್ಕೆ 24 ಸಿಗರೇಟು ಸೇದಿದ ದಿನ ಅವರ ದೇಹ ವ್ಯಯಿಸಿದ ಶಕ್ತಿ ಸೇದದ ದಿನಕ್ಕಿಂತ ಶೇಕಡಾ 10ರಷ್ಟು ಹೆಚ್ಚು. ಚಟ ಬಿಟ್ಟಾಗ ಈ ಕೃತಕ ಉರಿ ಆರುತ್ತದೆ, ಅದುಮಿಟ್ಟ ಹಸಿವು ಏಳುತ್ತದೆ, ನಾಲಿಗೆಗೆ ರುಚಿಯೂ ಮೂಗಿಗೆ ಪರಿಮಳವೂ ಮರಳುತ್ತವೆ. ಬೀಡಿ ಹಿಡಿಯುತ್ತಿದ್ದ ಕೈ ಗೋಳಿಬಜೆಯ ತಟ್ಟೆಗೆ ಹೋಗುವುದರಲ್ಲಿ ಆಶ್ಚರ್ಯವಿಲ್ಲ. ಆದರೂ ಗಣಿತವನ್ನು ಒಮ್ಮೆ ಮಾಡಿ ನೋಡಬೇಕು. ವರ್ಷಕ್ಕೆ ಐದು ಕಿಲೋ ಏರಲು ದಿನಕ್ಕೆ ಸುಮಾರು ನೂರು ಕ್ಯಾಲೊರಿ ಹೆಚ್ಚಾದರೆ ಸಾಕು. ಹಾಲು ಹಾಕಿ ಎರಡು ಚಮಚ ಸಕ್ಕರೆ ಬೆರೆಸಿದ ಒಂದು ಲೋಟ ಚಹದಲ್ಲಿ ಹೆಚ್ಚುಕಡಿಮೆ ಅಷ್ಟಿರುತ್ತದೆ.

ಸಕ್ಕರೆ ಕಾಯಿಲೆಯ ವಿಷಯ ಇನ್ನೂ ಸೂಕ್ಷ್ಮ. ಅಮೆರಿಕದಲ್ಲಿ ಮಧ್ಯವಯಸ್ಕರನ್ನು ವರ್ಷಗಟ್ಟಲೆ ಹಿಂಬಾಲಿಸಿ 2010ರಲ್ಲಿ ಪ್ರಕಟವಾದ ಅಧ್ಯಯನವೊಂದು, ಚಟ ಬಿಟ್ಟ ಮೊದಲ ಮೂರು ವರ್ಷಗಳಲ್ಲಿ ಮಧುಮೇಹದ ಅಪಾಯ ಎಂದೂ ಸೇದದವರಿಗಿಂತ ಹೆಚ್ಚುಕಡಿಮೆ ಇಮ್ಮಡಿಯಾಗಿರುತ್ತದೆ, ಅದು ಪೂರ್ತಿ ಇಳಿಯಲು ಹನ್ನೆರಡು ವರ್ಷ ಹಿಡಿಯುತ್ತದೆ ಎಂದು ಹೇಳಿತು. ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ 2018ರಲ್ಲಿ ಪ್ರಕಟಿಸಿದ, 1.6 ಲಕ್ಷಕ್ಕೂ ಹೆಚ್ಚು ಮಂದಿಯನ್ನು ಒಳಗೊಂಡ ಅಧ್ಯಯನ ಇದನ್ನು ಇನ್ನಷ್ಟು ಬಿಡಿಸಿ ನೋಡಿತು. ಇತ್ತೀಚೆಗೆ ಬಿಟ್ಟವರಲ್ಲಿ ಮಧುಮೇಹದ ಅಪಾಯ ಇನ್ನೂ ಸೇದುತ್ತಿರುವವರಿಗಿಂತ ಶೇಕಡಾ 22ರಷ್ಟು ಹೆಚ್ಚಿತ್ತು. ಐದರಿಂದ ಏಳನೆಯ ವರ್ಷದ ಹೊತ್ತಿಗೆ ಅದು ತುದಿ ಮುಟ್ಟಿ, ಅನಂತರ ಇಳಿಯತೊಡಗುತ್ತಿತ್ತು. ಚಹದಂಗಡಿಯ ಮಾತಿಗೆ ವೈದ್ಯಕೀಯ ಪತ್ರಿಕೆಯೇ ಸಾಕ್ಷಿ ನುಡಿದಂತಾಯಿತಲ್ಲ ಎಂದು ಯಾರಾದರೂ ಹಿಗ್ಗಬಹುದು. ಆದರೆ ಅದೇ ಅಧ್ಯಯನ ಇನ್ನೆರಡು ಮಾತುಗಳನ್ನು ಹೇಳಿದೆ. ಬಿಟ್ಟ ಮೇಲೆ ತೂಕ ಏರದಂತೆ ನೋಡಿಕೊಂಡವರಲ್ಲಿ ಈ ಹೆಚ್ಚಿನ ಅಪಾಯ ಕಾಣಿಸಲೇ ಇಲ್ಲ. ಅಪಾಯ ಏರಿದ್ದು ತೂಕ ಏರಿದ ಪ್ರಮಾಣದಲ್ಲಿ. ಎರಡನೆಯದು ಇನ್ನೂ ಮುಖ್ಯ: ಹತ್ತು ಕಿಲೋಗೂ ಮೀರಿ ತೂಕ ಹೆಚ್ಚಿಸಿಕೊಂಡವರಲ್ಲಿ ಕೂಡ ಹೃದಯ ಮತ್ತು ರಕ್ತನಾಳಗಳ ಕಾಯಿಲೆಯಿಂದ ಸಾಯುವ ಸಂಭವ, ಸೇದುವುದನ್ನು ಮುಂದುವರಿಸಿದವರಿಗಿಂತ ಬಹಳ ಕಡಿಮೆ ಇತ್ತು.

ಅಂದರೆ ಹೊಟ್ಟೆ ಬಂದರೂ ಲಾಭವೇ. ಈ ಒಂದು ವಾಕ್ಯ ನಮ್ಮ ಊರುಗಳಲ್ಲಿ ಯಾರ ಬಾಯಿಯಲ್ಲೂ ಕೇಳಿಬರುವುದಿಲ್ಲ.

ಇನ್ನು ಬೀಡಿ ಸಕ್ಕರೆಯನ್ನು ತಡೆಹಿಡಿದಿತ್ತು ಎಂಬ ಭ್ರಮೆಯ ವಿಚಾರ. ವಾಸ್ತವ ತಿರುವುಮುರುವು. ಸೇದುವವರಿಗೆ ಮಧುಮೇಹ ಬರುವ ಅಪಾಯ ಸೇದದವರಿಗಿಂತ ಶೇಕಡಾ 30ರಿಂದ 40ರಷ್ಟು ಹೆಚ್ಚೆಂದು ಅಮೆರಿಕದ ಸರ್ಜನ್ ಜನರಲ್ ವರದಿ 2014ರಲ್ಲೇ ಹೇಳಿದೆ. ಹೆಚ್ಚು ಸೇದಿದಷ್ಟೂ ಅಪಾಯ ಹೆಚ್ಚು. ನಿಕೋಟಿನ್ ಹಸಿವನ್ನು ತಗ್ಗಿಸಿದರೂ ಅಡ್ರಿನಲಿನ್‌ನಂಥ ಉದ್ವೇಗದ ಚೋದಕಗಳನ್ನು ಕೆರಳಿಸುತ್ತದೆ, ಕೊಬ್ಬನ್ನು ಕರಗಿಸಿ ರಕ್ತಕ್ಕೆ ಬಿಡುತ್ತದೆ. ಹಾಗೆ ರಕ್ತದಲ್ಲಿ ಅಲೆಯುವ ಕೊಬ್ಬು ಸ್ನಾಯುಗಳನ್ನು ಇನ್ಸುಲಿನ್‌ಗೆ ಕಿವುಡಾಗಿಸುತ್ತದೆ. ಹೊಗೆಯ ಇತರ ವಿಷಗಳಿಂದ ದೇಹದಲ್ಲೆಲ್ಲ ಸಣ್ಣ ಉರಿಯೂತ ನಿರಂತರವಾಗಿರುತ್ತದೆ. ಸೇದುವವನ ತೂಕ ಕಡಿಮೆಯಿದ್ದರೂ ಇದ್ದ ಕೊಬ್ಬು ಸೊಂಟದ ಸುತ್ತ, ಕರುಳಿನ ನಡುವೆ ಶೇಖರವಾಗುವ ಪ್ರವೃತ್ತಿ ಹೆಚ್ಚು. ಕೈಕಾಲು ಕಡ್ಡಿಯಂತಿದ್ದು ಹೊಟ್ಟೆ ಮಾತ್ರ ಮುಂದೆ ಬಂದ ಬೀಡಿ ಸೇದುವ ಅಜ್ಜಂದಿರನ್ನು ಕಾಣದವರು ಯಾರು? ಅವರ ತೆಳುಮೈಯನ್ನೇ ನಾವು ಆರೋಗ್ಯವೆಂದು ಭಾವಿಸುತ್ತ ಬಂದಿದ್ದೇವೆ.

ಬಿಟ್ಟ ಮೇಲೆ ಚಯಾಪಚಯದ ಲೆಕ್ಕಪುಸ್ತಕದಲ್ಲಿ ಜಮೆಯಾಗುವುದೂ ಉಂಟು. ರಕ್ತದಲ್ಲಿನ ಇಂಗಾಲದ ಮಾನಾಕ್ಸೈಡ್ ಒಂದೆರಡು ದಿನಗಳಲ್ಲಿ ಸಹಜ ಮಟ್ಟಕ್ಕಿಳಿಯುತ್ತದೆ. ಒಳ್ಳೆಯ ಕೊಲೆಸ್ಟ್ರಾಲ್ ಎನ್ನಲಾಗುವ ಎಚ್‌ಡಿಎಲ್ ಕೆಲವೇ ವಾರಗಳಲ್ಲಿ ಏರುತ್ತದೆ. ಆದರೆ ಇವು ಕನ್ನಡಿಯಲ್ಲಿ ಕಾಣುವುದಿಲ್ಲ, ಹೊಟ್ಟೆ ಕಾಣುತ್ತದೆ. ಈಗಾಗಲೇ ಸಕ್ಕರೆ ಕಾಯಿಲೆ ಇರುವವರು ಇನ್ನೊಂದು ಸಂಗತಿಯನ್ನು ತಿಳಿದಿರಬೇಕು. ಬ್ರಿಟನ್ನಿನಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಮಧುಮೇಹಿ ಧೂಮಪಾನಿಗಳ ದಾಖಲೆ ಪರಿಶೀಲಿಸಿ 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬಿಟ್ಟವರ ಮೂರು ತಿಂಗಳ ಸರಾಸರಿ ಸಕ್ಕರೆ ಸೂಚಕ (ಎಚ್‌ಬಿಎ1ಸಿ) ಮೊದಲ ವರ್ಷ ಶೇಕಡಾ 0.2ರಷ್ಟು ಏರಿ, ಮೂರು ವರ್ಷಗಳ ಹೊತ್ತಿಗೆ ಸೇದುವವರ ಮಟ್ಟಕ್ಕೇ ಮರಳಿತ್ತು. ಇದು ಗಾಬರಿಪಡುವ ಏರಿಕೆಯಲ್ಲ. ಮಾತ್ರೆಯಲ್ಲೋ ಊಟದಲ್ಲೋ ಸರಿಪಡಿಸಬಹುದಾದ ಏರಿಕೆ. ಆದರೆ ಮೊದಲೇ ಹೇಳದಿದ್ದರೆ ರೋಗಿ ಅದನ್ನು ಬೀಡಿ ಬಿಟ್ಟದ್ದರ ಶಿಕ್ಷೆಯೆಂದೇ ಓದಿಕೊಳ್ಳುತ್ತಾನೆ.

ಬಿಟ್ಟರೆ ದಪ್ಪಗಾಗುತ್ತೇವೆಂಬ ಹೆದರಿಕೆ ತಾನಾಗಿ ಹುಟ್ಟಿದ್ದೂ ಅಲ್ಲ. ಅಮೆರಿಕದ ಲಕ್ಕಿ ಸ್ಟ್ರೈಕ್ ಸಿಗರೇಟಿನವರು 1920ರ ದಶಕದ ಕೊನೆಯಲ್ಲಿ, ಮಿಠಾಯಿಯ ಬದಲು ನಮ್ಮ ಸಿಗರೇಟಿಗೆ ಕೈಹಾಕಿ ಎಂಬ ಅರ್ಥದ ಜಾಹೀರಾತಿನಿಂದ ಹೆಂಗಸರನ್ನು ಸೆಳೆದಿದ್ದರು. ಸಿಟ್ಟಿಗೆದ್ದ ಮಿಠಾಯಿ ವ್ಯಾಪಾರಿಗಳು ಗಲಾಟೆ ಮಾಡಿದ್ದೂ ಉಂಟು. ತೆಳ್ಳಗಿರುವುದಕ್ಕೆ ಹೊಗೆ ಬೇಕೆಂಬುದನ್ನು ಮಾರಾಟಗಾರರು ಆಗಲೇ ಜನರ ತಲೆಯೊಳಗೆ ಇಳಿಸಿದ್ದರು.

ಮೇಲೆ ಹೇಳಿದ ಅಂಕಿಅಂಶಗಳು ಬಹುಪಾಲು ಸಿಗರೇಟು ಸೇದುವ ಪಾಶ್ಚಾತ್ಯರವು. ಕುಂದಾಪುರ, ಬೈಂದೂರು, ಬ್ರಹ್ಮಾವರ ಸೀಮೆಯ ದೇಹ ಬೇರೆ, ಊಟ ಬೇರೆ, ಹೊಗೆಯೂ ಬೇರೆ. ಭಾರತದಲ್ಲಿ ಸಿಗರೇಟಿಗಿಂತ ಬೀಡಿ ಸೇದುವವರೇ ಹೆಚ್ಚು. 2016-17ರ ರಾಷ್ಟ್ರೀಯ ತಂಬಾಕು ಸಮೀಕ್ಷೆಯಲ್ಲಿ ವಯಸ್ಕರ ಪೈಕಿ ಶೇಕಡಾ 7.7 ಮಂದಿ ಬೀಡಿಯನ್ನೂ ಶೇಕಡಾ 4ರಷ್ಟು ಮಂದಿ ಸಿಗರೇಟನ್ನೂ ಸೇದುತ್ತಿದ್ದರು. ಬೀಡಿಯಲ್ಲಿ ತಂಬಾಕು ಕಡಿಮೆಯಿದ್ದರೂ ಅದು ಆರದಂತೆ ಮತ್ತೆಮತ್ತೆ ಬಲವಾಗಿ ಎಳೆಯಬೇಕಾಗುವುದರಿಂದ ಒಳಸೇರುವ ವಿಷ ಕಡಿಮೆಯೇನಲ್ಲ. ಇನ್ನು ದೇಹ: ಪಾಶ್ಚಾತ್ಯರಿಗಿಂತ ಕಡಿಮೆ ತೂಕದಲ್ಲೇ, ಕಡಿಮೆ ವಯಸ್ಸಿನಲ್ಲೇ ಭಾರತೀಯರಿಗೆ ಮಧುಮೇಹ ಹಿಡಿಯುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ದೇಶದಾದ್ಯಂತ ನಡೆದ ಸಮೀಕ್ಷೆಯ ಫಲಿತಾಂಶ 2023ರಲ್ಲಿ ಪ್ರಕಟವಾದಾಗ ವಯಸ್ಕರಲ್ಲಿ ಶೇಕಡಾ 11.4 ಮಂದಿಗೆ ಮಧುಮೇಹವೂ ಇನ್ನೂ ಶೇಕಡಾ 15.3 ಮಂದಿಗೆ ಅದರ ಪೂರ್ವಸ್ಥಿತಿಯೂ ಇದ್ದದ್ದು ಕಂಡುಬಂತು. ಈ ಪೂರ್ವಸ್ಥಿತಿಯಲ್ಲಿರುವವನಿಗೆ ಐದು ಕಿಲೋ ತೂಕ ದೊಡ್ಡ ಮಾತು. ಆದ್ದರಿಂದ ಅಲ್ಲಿಯ ಅಂಕಿಗಳನ್ನು ಇಲ್ಲಿಗೆ ತರುವಾಗ ತೂಕದ ಎಚ್ಚರಿಕೆಯನ್ನು ಒಂದು ಹಿಡಿ ಹೆಚ್ಚೇ ಇಟ್ಟುಕೊಳ್ಳಬೇಕೆಂಬುದು ನನ್ನ ಅಭಿಪ್ರಾಯ.

ಬದುಕಿನ ಕ್ರಮವೂ ಇಲ್ಲಿ ವಿಶಿಷ್ಟ. ಬೆಂಗಳೂರು, ಮುಂಬೈ, ಹೈದರಾಬಾದುಗಳ ಹೋಟೆಲುಗಳಲ್ಲಿ ಹದಿನಾರು ಗಂಟೆ ನಿಂತೇ ದುಡಿದು, ಚಹ ಮತ್ತು ಸಿಗರೇಟಿನಲ್ಲಿ ಹಸಿವು ಕಳೆದು, ಐವತ್ತರ ಅಂಚಿನಲ್ಲಿ ಊರಿಗೆ ಮರಳುವವರು ಈ ಮೂರು ತಾಲ್ಲೂಕುಗಳಲ್ಲಿ ಎಷ್ಟೋ ಮಂದಿ. ಊರಿಗೆ ಬಂದವರು ಮನೆಯವರ ಒತ್ತಾಯಕ್ಕೋ ಎದೆನೋವಿನ ಹೆದರಿಕೆಗೋ ಸಿಗರೇಟು ಬಿಡುತ್ತಾರೆ. ಅದೇ ಹೊತ್ತಿಗೆ ನಿಂತು ದುಡಿಯುವುದೂ ನಿಂತಿರುತ್ತದೆ. ಮೂರು ಹೊತ್ತು ಕುಚ್ಚಲಕ್ಕಿ ಅನ್ನ, ಸಂಜೆ ಬನ್ಸ್, ನೆಂಟರು ಬಂದರೆ ಕೋಳಿ ಸುಕ್ಕ. ಒಂದೇ ವರ್ಷದಲ್ಲಿ ಮೂರು ಬದಲಾವಣೆಗಳಾಗಿ, ಫಲವಾಗಿ ಬಂದ ಸಕ್ಕರೆಯ ಹೊಣೆಯನ್ನೆಲ್ಲ ಬಿಟ್ಟ ಸಿಗರೇಟಿನ ಮೇಲೆ ಹೊರಿಸಲಾಗುತ್ತದೆ.

ಕರಾವಳಿಯ ಪಂಚಾಂಗವನ್ನೂ ಇಲ್ಲಿ ನೆನೆಯಬೇಕು. ಮೇ 31 ವಿಶ್ವ ತಂಬಾಕುರಹಿತ ದಿನ. ಅಂದು ಎಲ್ಲೆಡೆ ಜಾಥಾ, ಪ್ರತಿಜ್ಞೆ, ಭಾಷಣ. ಮರುದಿನ, ಜೂನ್ 1ರಿಂದ ಜುಲೈ 31ರವರೆಗೆ, ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧ. ಗಂಗೊಳ್ಳಿಯ ದೋಣಿಯಲ್ಲಿ ಬಲೆಯೆಳೆಯುತ್ತಿದ್ದವನು ಅಂದಿನಿಂದ ಎರಡು ತಿಂಗಳು ದಡದಲ್ಲಿ ಖಾಲಿ ಕೂರುತ್ತಾನೆ. ಪತ್ತನಾಜೆಯ ಹೊತ್ತಿಗೆ ಯಕ್ಷಗಾನ ಮೇಳಗಳ ತಿರುಗಾಟವೂ ಮುಗಿದು, ಆರು ತಿಂಗಳು ರಾತ್ರಿಯಿಡೀ ಕುಣಿದ ಕಲಾವಿದ ಮನೆ ಸೇರಿರುತ್ತಾನೆ. ಹೊರಗೆ ಜಡಿಮಳೆ, ಒಳಗೆ ಹಲಸಿನ ಹಪ್ಪಳ. ತೂಕ ಏರುವ ಮೊದಲ ಮೂರು ತಿಂಗಳಿಗೆ ಇದಕ್ಕಿಂತ ಕೆಟ್ಟ ಮುಹೂರ್ತವನ್ನು ಹುಡುಕುವುದು ಕಷ್ಟ. ಅದೇ ಜೂನ್ ತಿಂಗಳು ಬ್ರಹ್ಮಾವರದ ಕಡೆಯ ಭತ್ತದ ರೈತನಿಗೆ ಉಳುಮೆ, ನೇಜಿ, ನಾಟಿಯ ಕಾಲ. ದೇಹ ದುಡಿಯುತ್ತಿರುವಾಗ ಬಿಡಲು ಅವನಿಗೆ ಅದೇ ಸರಿಯಾದ ಹೊತ್ತು. ಯಾರೇ ಆಗಲಿ ಬಿಡಲು ಮನಸ್ಸು ಮಾಡಿದ ದಿನವೇ ಶುಭದಿನ, ತಡಮಾಡೆಂದು ಯಾರಿಗೂ ಹೇಳಬಾರದು. ಆದರೆ ಮೀನುಗಾರನಿಂದ ಮೇ ಕೊನೆಯಲ್ಲಿ ಪ್ರತಿಜ್ಞೆ ಮಾಡಿಸುವವರು ಆ ಎರಡು ತಿಂಗಳ ಊಟ, ನಡಿಗೆಯ ಮಾತನ್ನೂ ಜತೆಗೇ ಆಡಬೇಕಲ್ಲವೆ?

ಹೀಗೆ ಆಡದಿರುವುದಕ್ಕೆ ನಮ್ಮ ವ್ಯವಸ್ಥೆಯ ವಿಭಜನೆಯೇ ಕಾರಣವೆನ್ನಬೇಕು. ತಂಬಾಕು ನಿಯಂತ್ರಣ ಒಂದು ಕಾರ್ಯಕ್ರಮ, ಮಧುಮೇಹ ಮತ್ತು ರಕ್ತದೊತ್ತಡದ ತಪಾಸಣೆ ಇನ್ನೊಂದು. ಎರಡೂ ಒಂದೆಡೆ ಸಂಧಿಸುವುದು ಆಶಾ ಕಾರ್ಯಕರ್ತೆಯ ಕೈಯಲ್ಲಿರುವ ಒಂದು ನಮೂನೆಯಲ್ಲಿ. ಮೂವತ್ತು ದಾಟಿದವರ ಮನೆಗೆ ಹೋಗಿ ವಯಸ್ಸು, ತಂಬಾಕು, ಮದ್ಯ, ಸೊಂಟದ ಸುತ್ತಳತೆ, ವ್ಯಾಯಾಮ, ಹೆತ್ತವರ ಕಾಯಿಲೆ ಕೇಳಿ ಅಂಕ ಕೊಡುವ ಪಟ್ಟಿ ಅದು. ದಿನವೂ ತಂಬಾಕು ಸೇವಿಸಿದರೆ ಎರಡು ಅಂಕ, ಹಿಂದೆ ಸೇವಿಸುತ್ತಿದ್ದರೆ ಒಂದು. ಮೊತ್ತ ನಾಲ್ಕು ಮೀರಿದವರನ್ನು ಆದ್ಯತೆಯ ಮೇಲೆ ತಪಾಸಣೆಗೆ ಕರೆಯಬೇಕು. ಒಳ್ಳೆಯ ಪಟ್ಟಿಯೇ. ಆದರೆ ಕಳೆದ ತಿಂಗಳು ಬೀಡಿ ಬಿಟ್ಟವನ ಅಂಕ ಒಂದು ಇಳಿಯುತ್ತದೆ. ಸಕ್ಕರೆಯ ಮಟ್ಟಿಗೆ ಅವನ ಮೇಲೆ ಕಣ್ಣಿಡಬೇಕಾದ ವರ್ಷಗಳು ಆರಂಭವಾಗುವ ಹೊತ್ತಿಗೇ ಅವನು ಪಟ್ಟಿಯಲ್ಲಿ ಕೆಳಗೆ ಸರಿಯುತ್ತಾನೆ. ಸೊಂಟ ಬೆಳೆದ ಮೇಲೆ ಆ ಅಂಕ ಮರಳಿ ಬರುತ್ತದೆ, ನಿಜ. ಅದು ಬೆಳೆಯುವುದಕ್ಕೆ ಮುಂಚೆ ಮಾತಾಡಿಸುವುದಲ್ಲವೆ ತಪಾಸಣೆಯ ಉದ್ದೇಶ? ‘ಇತ್ತೀಚೆಗೆ ಬಿಟ್ಟವರು’ ಎಂಬ ಪ್ರತ್ಯೇಕ ಕಲಮು ಸೇರಿಸಿ, ಅವರನ್ನು ಅಂಕದ ಹಂಗಿಲ್ಲದೆ ಮೂರು ತಿಂಗಳಿಗೊಮ್ಮೆ ಕರೆಯುವಂತಾದರೆ ಸಾಕು. ಖರ್ಚೆಂದರೆ ಒಂದು ಅಳತೆಪಟ್ಟಿ, ಒಂದು ತೂಕದ ಯಂತ್ರ. ವರ್ಷಕ್ಕೊಂದು ಸಕ್ಕರೆ ಪರೀಕ್ಷೆ ಹೇಗೂ ಸರ್ಕಾರಿ ಆಸ್ಪತ್ರೆಯಲ್ಲಿ ಸಿಗುತ್ತದೆ. ಭಾರತೀಯ ಗಂಡಸಿನ ಸೊಂಟ 90 ಸೆಂಟಿಮೀಟರ್, ಹೆಂಗಸಿನದು 80 ಸೆಂಟಿಮೀಟರ್ ಮೀರಬಾರದೆಂಬುದನ್ನು ನೆನಪಿಟ್ಟುಕೊಳ್ಳಲು ವೈದ್ಯಪದವಿಯೇನೂ ಬೇಡ.

ಬಿಡುವವರಿಗೆ ಗೊತ್ತಿರಬೇಕಾದ ಕೆಲವು ಸಣ್ಣ ಸಂಗತಿಗಳನ್ನು ಯಾರೂ ಹೇಳಿಕೊಡುವುದಿಲ್ಲ. ಕಾಫಿ, ಚಹದ ವಿಷಯವನ್ನೇ ನೋಡಿ. ಹೊಗೆಯಲ್ಲಿರುವ ಕೆಲವು ರಾಸಾಯನಿಕಗಳು ಯಕೃತ್ತಿನ ಒಂದು ಕಿಣ್ವವನ್ನು ಚುರುಕುಗೊಳಿಸಿ ಕೆಫೀನನ್ನು ಬೇಗ ಕರಗಿಸುತ್ತವೆ. ಸೇದುವುದು ನಿಂತರೆ ಕಿಣ್ವ ನಿಧಾನವಾಗುತ್ತದೆ, ಅಷ್ಟೇ ಕಾಫಿ ಕುಡಿದರೂ ರಕ್ತದಲ್ಲಿ ಕೆಫೀನು ಇಮ್ಮಡಿಯಾಗಬಹುದು. ಎದೆ ಡವಗುಟ್ಟುವುದು, ನಿದ್ದೆ ಬಾರದಿರುವುದು, ಕಿರಿಕಿರಿ, ಇವೆಲ್ಲ ಬೀಡಿ ಬಿಟ್ಟದ್ದರಿಂದ ಎಂದು ತಿಳಿಯುತ್ತೇವೆ. ಅದರಲ್ಲಿ ಅರ್ಧ ಹೆಚ್ಚುವರಿ ಕೆಫೀನಿನ ಕೆಲಸವಿರಬಹುದು. ಕಾಫಿ, ಚಹವನ್ನು ಅರ್ಧಕ್ಕಿಳಿಸಿದರೆ ನಿದ್ದೆಯೂ ಬರುತ್ತದೆ, ಸಕ್ಕರೆಯೂ ಉಳಿಯುತ್ತದೆ. ಇನ್ಸುಲಿನ್ ಚುಚ್ಚಿಕೊಳ್ಳುವವರು ಬಿಡುವ ಮೊದಲೇ ವೈದ್ಯರಿಗೆ ತಿಳಿಸಬೇಕು. ಚರ್ಮದಡಿಯ ರಕ್ತಸಂಚಾರ ಸುಧಾರಿಸಿದಾಗ ಔಷಧದ ಪ್ರಮಾಣವನ್ನು ಬದಲಿಸಬೇಕಾಗಬಹುದು.

ನಿಕೋಟಿನ್ ಗಮ್ಮನ್ನು ದುರ್ಬಲರ ಊರುಗೋಲೆಂದು ಹಳಿಯುವವರಿದ್ದಾರೆ. ಅದು 2022ರ ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯಲ್ಲೇ ಸೇರಿದೆ. ಬಳಸುವಷ್ಟು ದಿನ ತೂಕದ ಏರಿಕೆಯನ್ನೂ ಅದು ಮುಂದೂಡುತ್ತದೆ. ಅಷ್ಟರಲ್ಲಿ ನಡಿಗೆಯ ಅಭ್ಯಾಸ ಬೇರೂರಿದರೆ ಅರ್ಧ ಗೆದ್ದಂತೆ. ಆದರೆ ಬೀಡಿ ಬಿಟ್ಟು ಹೊಗೆಸೊಪ್ಪು ಹಾಕಿದ ಎಲೆಯಡಿಕೆಗೆ ಅಂಟಿಕೊಳ್ಳುವುದು ಬಿಟ್ಟಂತಲ್ಲ, ಅಂಗಡಿ ಬದಲಾಯಿಸಿದಂತೆ. ತಂಬಾಕಿನ ಪೊಟ್ಟಣಗಳ ಮೇಲೆ 2018ರಿಂದ ಮುದ್ರಿತವಾಗುತ್ತಿರುವ 1800-11-2356 ಎಂಬ ಶುಲ್ಕರಹಿತ ಸಂಖ್ಯೆಗೆ ಕರೆಮಾಡಿದರೆ ಕನ್ನಡದಲ್ಲೇ ಸಲಹೆ ದೊರೆಯುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಈ ಸೇವೆಯಲ್ಲಿ ಪಾಲುಗೊಂಡಿದೆ. ಅಲ್ಲಿಗೆ ಕರೆಮಾಡುವವರು ಚಟದ ಜತೆಗೆ ತೂಕದ ಬಗೆಗೂ ಸಂಕೋಚವಿಲ್ಲದೆ ಕೇಳಬೇಕು.

ಇನ್ನೊಂದು ತೊಡಕು ಮನೆಯೊಳಗಿನದು. ಕರಾವಳಿಯ ಹಳ್ಳಿಗಳಲ್ಲಿ ಬೀಡಿ ಕಟ್ಟಿಯೇ ಮಕ್ಕಳನ್ನು ಓದಿಸಿದ ತಾಯಂದಿರು ಬೇಕಾದಷ್ಟಿದ್ದಾರೆ. ಗಂಡ ಬೀಡಿ ಬಿಟ್ಟ ಮನೆಯ ಜಗಲಿಯಲ್ಲೇ ಹೆಂಡತಿ ಗೆರಸೆ ತುಂಬ ಎಲೆ, ಹೊಗೆಸೊಪ್ಪಿನ ಹುಡಿ ಹರಡಿಕೊಂಡು ಕೂತಿರುತ್ತಾಳೆ. ಅವಳ ದುಡಿಮೆಯನ್ನು ನಿಲ್ಲಿಸು ಎನ್ನುವ ಹಕ್ಕು, ಬದಲಿ ಕೆಲಸ ಕೊಡಲಾಗದ ನಮಗಿಲ್ಲ. ಆದರೆ ಆ ಮನೆಯ ಅಡುಗೆಯೂ ಅವಳ ಕೈಯಲ್ಲೇ ಇದೆ. ತಂಬಾಕು ಬಿಡಿಸುವ ಸಲಹಾಕೇಂದ್ರಕ್ಕೆ ಗಂಡಸೊಬ್ಬನನ್ನೇ ಕರೆಸಿ ಮಾತಾಡಿ ಕಳಿಸುವ ಬದಲು ಅವಳನ್ನೂ ಕೂರಿಸಿಕೊಂಡು, ಮುಂದಿನ ಮೂರು ತಿಂಗಳು ಇವರಿಗೆ ಹಸಿವು ಹೆಚ್ಚು, ಸಿಟ್ಟು ಹೆಚ್ಚು, ಅನ್ನವನ್ನು ಒಂದು ಸೌಟು ಕಮ್ಮಿ ಮಾಡಿ ಬಂಗುಡೆ ಸಾರು, ಬಸಳೆ, ಹೆಸರುಕಾಳು ಹೆಚ್ಚು ಬಡಿಸಿ, ಚಹಕ್ಕೆ ಸಕ್ಕರೆ ಕಮ್ಮಿ ಹಾಕಿ, ಮೂರು ತಿಂಗಳು ಕಳೆದ ಮೇಲೆ ಇಬ್ಬರೂ ಬನ್ನಿ, ನಿಮ್ಮ ಸಕ್ಕರೆಯನ್ನೂ ನೋಡುತ್ತೇವೆ ಎಂದು ಹೇಳಿ ಕಳಿಸುವುದಕ್ಕೆ ಹತ್ತು ನಿಮಿಷ ಸಾಕು.